ಮುಸ್ಸಂಜೆ ತುಂಬಿಸಿದ ಫಾರಂಗಳು

ನಮ್ಮ ಕಡೆ ಯಾರನ್ನಾದರೂ ಹೇಗಿದ್ದೀರಿ ಎಂದು ಕೇಳಿ ನೋಡಿ. ನಿನ್ನೆಯಷ್ಟೇ ಆಸ್ಪತ್ರೆಯಿಂದ ಬಂದವರು, ಗೋಡೆ ಹಿಡಿದುಕೊಂಡು ನಡೆಯುವವರು ಕೂಡ "ಆರಾಮ" ಎನ್ನುತ್ತಾರೆ. ಆಮೇಲೆ ನಿಮ್ಮನ್ನೇ ತಿರುಗಿ ಕೇಳುತ್ತಾರೆ, ಒಳಗೆ ಬನ್ನಿ ಎನ್ನುತ್ತಾರೆ, ಚಹಾಕ್ಕೆ ಇಡುತ್ತಾರೆ. ಇದರಲ್ಲಿ ಸುಳ್ಳೇನೂ ಇಲ್ಲ, ಮನೆಗೆ ಬಂದವರಿಗೆ ಕೊಡುವ ಮರ್ಯಾದೆ ಅಷ್ಟೆ. ಆದರೆ ಈ ಮರ್ಯಾದೆಯನ್ನು ಅಂಕಿಗೆ ಇಳಿಸಿ ಕಂಪ್ಯೂಟರಿಗೆ ತುಂಬುವ ಕೆಲಸಕ್ಕೆ ಸೇರಿದ ಮೇಲೆ "ಆರಾಮ" ಎಂಬ ಮಾತು ಕಿವಿಗೆ ಬಿದ್ದರೆ ಸಾಕು, ನನಗೆ ಮೈಯುರಿಯುತ್ತಿತ್ತು.

ದೊಡ್ಡ ಊರಿನ ಆಸ್ಪತ್ರೆಯೊಂದು ಶಿಕಾರಿಪುರ, ಸೊರಬ ತಾಲ್ಲೂಕುಗಳಲ್ಲಿ ಒಂದು ಅಧ್ಯಯನ ನಡೆಸುತ್ತಿತ್ತು. ಕ್ಯಾನ್ಸರಿಗೆ ಚಿಕಿತ್ಸೆ ಪಡೆದು ಮನೆಗೆ ಮರಳಿದವರ ಬದುಕು ಹೇಗೆ ನಡೆದಿದೆ ಎಂದು ಮೂರು ತಿಂಗಳಿಗೊಮ್ಮೆ ಅವರನ್ನೇ ಕೇಳಿ ಬರೆದುಕೊಳ್ಳುವುದು. ಊಟ ಸೇರುತ್ತದೆಯೇ, ನಿದ್ದೆ ಬರುತ್ತದೆಯೇ, ನೋವಿದೆಯೇ, ಮುಂದೆ ಹೇಗೋ ಏನೋ ಎಂಬ ಚಿಂತೆಯಿದೆಯೇ, ಹೀಗೆ ಹಲವು ಪ್ರಶ್ನೆಗಳು. ಪ್ರತಿಯೊಂದೂ "ಕಳೆದ ಒಂದು ವಾರದಲ್ಲಿ" ಎಂದೇ ಶುರು. ಉತ್ತರ ನಾಲ್ಕೇ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಶಿಕಾರಿಪುರದ ಬಸ್ ಸ್ಟ್ಯಾಂಡಿನ ಹತ್ತಿರ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆ ನಮ್ಮ ಆಫೀಸು. ಕೀಟನಾಶಕದ ವಾಸನೆ ಮೆಟ್ಟಿಲು ಹತ್ತಿ ನಮ್ಮ ಜೊತೆಗೇ ಬಂದು ಕೂರುತ್ತಿತ್ತು.

ಮನೆಮನೆಗೆ ಹೋಗಿ ಕೇಳುವ ಕೆಲಸ ನನ್ನದಲ್ಲ. ಅದಕ್ಕೆ ಐವತ್ತು ದಾಟಿದ ಒಬ್ಬರಿದ್ದರು. ಹಿಂದೆ ವಿಮೆ ಏಜೆಂಟರಾಗಿದ್ದರು, ಈಗಲೂ ಎಲ್ಲರೂ ಅವರನ್ನು ಏಜೆಂಟರು ಎಂದೇ ಕರೆಯುತ್ತಿದ್ದರು. ಎರಡೂ ತಾಲ್ಲೂಕಿನಲ್ಲಿ ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯಲ್ಲಿ ಚಹಾಕ್ಕೆ ಬೆಲ್ಲ ಹಾಕುತ್ತಾರೆ ಎಂಬುದು ಅವರಿಗೆ ಬಾಯಿಪಾಠ. ಅವರು ತಂದ ಫಾರಂಗಳನ್ನು ನೋಡಿ ಕಂಪ್ಯೂಟರಿಗೆ ಹಾಕುವುದು, ಖಾಲಿ ಬಿಟ್ಟ ಜಾಗಗಳಿಗೆ ಕಾರಣ ಹುಡುಕುವುದು ನನ್ನ ಕೆಲಸ. ಉತ್ತರ ಇದ್ದ ಕಡೆ ಒಂದು ಗುಂಡಿ ಒತ್ತಿದರೆ ಮುಗಿಯಿತು. ಖಾಲಿ ಇದ್ದರೆ ಅರ್ಧ ದಿನ ಹೋಯಿತೆಂದೇ ಲೆಕ್ಕ.

ಖಾಲಿ ಬಿಡುವುದಕ್ಕೆ ಜನರಿಗೆ ಕಾರಣಗಳಿಗೇನು ಬರವೇ! ಮೆಟ್ಟಿಲು ಹತ್ತಲು ಕಷ್ಟವಾಗುತ್ತದೆಯೇ ಎಂದರೆ ತಾಳಗುಂದದ ಅಜ್ಜರೊಬ್ಬರು "ನಮ್ಮನ್ಯಾಗೆ ಮೆಟ್ಲೆಲ್ಲೈತ್ರೀ" ಎಂದು ನಕ್ಕು ಮುಂದಿನದು ಕೇಳಿ ಎಂದಿದ್ದರು. ಚಂದ್ರಗುತ್ತಿಯ ಹೆಂಗಸೊಬ್ಬರು ತಾವೇ ಬರೆಯುತ್ತೇನೆಂದು ಫಾರಂ ಕಸಿದುಕೊಂಡು, ಎರಡು ಹಾಳೆ ಒಟ್ಟಿಗೆ ತಿರುವಿ, ನಡುವಿನ ಪುಟವನ್ನು ಹಾಗೇ ಬಿಟ್ಟಿದ್ದರು. ಗಂಡ ಹೆಂಡತಿಯ ಸಂಬಂಧದ ಪ್ರಶ್ನೆ ಬಂತೋ, ಗಂಡಸರಿಗೆ ಫೋನ್ ಬರುತ್ತಿತ್ತು, ಹೆಂಗಸರಿಗೆ ಒಲೆಯ ಮೇಲಿಟ್ಟ ಹಾಲು ನೆನಪಾಗುತ್ತಿತ್ತು. ಇವನ್ನೆಲ್ಲ ಓದಿ ನಾನೂ ಏಜೆಂಟರೂ ನಗುತ್ತಿದ್ದ ದಿನಗಳೂ ಇದ್ದವು.

ಖಾಲಿ ಜಾಗಕ್ಕೆ ಮೇಲಿನವರು ಒಂದು ನಿಯಮ ಮಾಡಿಟ್ಟಿದ್ದರು. ಹಸಿವು, ನಿದ್ದೆ, ಸುಸ್ತು, ನೋವು ಇಂಥ ಪ್ರಶ್ನೆಗಳೆಲ್ಲ ಒಂದು ಗುಂಪು. ಆ ಗುಂಪಿನಲ್ಲಿ ಅರ್ಧಕ್ಕಿಂತ ಹೆಚ್ಚು ಉತ್ತರ ಸಿಕ್ಕಿದ್ದರೆ, ಸಿಗದ ಉತ್ತರದ ಜಾಗದಲ್ಲಿ ಸಿಕ್ಕಿದವುಗಳ ಸರಾಸರಿಯನ್ನು ಕಂಪ್ಯೂಟರೇ ಕೂರಿಸುತ್ತಿತ್ತು. ಕೊನೆಗೆ ಒಂದು ಚೀಟಿ ಅಚ್ಚಾಗುತ್ತಿತ್ತು: ಹಸಿವು ಇಷ್ಟು, ಸುಸ್ತು ಇಷ್ಟು, ನೋವು ಇಷ್ಟು. ಅದರ ಒಂದು ಪ್ರತಿ ರೋಗಿಯ ಮನೆಗೆ, ಒಂದು ಡಾಕ್ಟರಿಗೆ. ಆ ಗುಂಪಿನ ಅಂಕ ಒಂದು ಗೆರೆ ದಾಟಿದವರ ಮನೆಗೆ ಆಸ್ಪತ್ರೆಯಿಂದ ನರ್ಸಮ್ಮ ಬಂದು ನೋವಿನ ಗಟ್ಟಿ ಔಷಧಿ ಕೊಟ್ಟು ನೋಡಿಕೊಳ್ಳುತ್ತಿದ್ದರು. ದಾಟದವರಿಗೆ ಅದೇ ಹಳೆಯ ಮಾತ್ರೆ.

ಸೊರಬದಲ್ಲಿ ನನ್ನ ತವರು. ಅಣ್ಣನಿಗೆ ಅಲ್ಲಿ ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಿದೆ. ನಾನು ಹೈಸ್ಕೂಲಿಗೆ ಹೋಗುವ ಮೊದಲೇ ಅಮ್ಮ ತೀರಿಹೋಗಿದ್ದರಿಂದ ನನ್ನನ್ನು ಬೆಳೆಸಿದವರು ಅತ್ತಿಗೆ. ಅವರಿಗೆ ಮಕ್ಕಳಾಗಲಿಲ್ಲ. ಯಾರಾದರೂ ಆ ಮಾತೆತ್ತಿದರೆ "ಇವಳೊಬ್ಬಳು ಸಾಕಾಗಿದಾಳೆ, ಇನ್ನೊಂದು ಇಂಥದ್ದು ಯಾರಿಗ್ ಬೇಕು" ಎಂದು ನನ್ನ ಜಡೆ ಹಿಡಿದು ಎಳೆಯುತ್ತಿದ್ದರು. ಜೋರು ಧ್ವನಿ, ಜೋರು ನಗು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಅಡುಗೆಮನೆಗೆ ಬಂದರೆಂದರೆ ಬೀದಿಯವರಿಗೆಲ್ಲ ಗೊತ್ತಾಗುವಂತೆ ಪಾತ್ರೆಗಳು ಮಾತಾಡುತ್ತಿದ್ದವು.

ಅವರಿಗೆ ಗರ್ಭಕೋಶದ ಕ್ಯಾನ್ಸರ್ ಆಗಿ ಚಿಕಿತ್ಸೆ ನಡೆದಾಗ ಅಣ್ಣ ಅಂಗಡಿ ಮುಚ್ಚಿ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದ. ಊಟ ಬಿಟ್ಟ, ಮಾತು ಬಿಟ್ಟ, ಒಂದು ದಿನ ಅಲ್ಲೇ ತಲೆಸುತ್ತಿ ಬಿದ್ದು ಅವನಿಗೇ ಡ್ರಿಪ್ ಹಾಕಿಸಬೇಕಾಯಿತು. ಅತ್ತಿಗೆ ತಮ್ಮ ಮಂಚದ ಮೇಲಿಂದಲೇ ಅವನನ್ನು ಬೈಯುತ್ತಿದ್ದರು. ಆಗ ಗುಣವಾಯಿತು ಎಂದೇ ಎಲ್ಲರೂ ಅಂದುಕೊಂಡೆವು. ಒಂದೆರಡು ವರ್ಷ ಬಿಟ್ಟು ಅದು ಬೆನ್ನುಮೂಳೆಗೆ ಬಂತು. ಆಗಲೇ ನಮ್ಮ ಅಧ್ಯಯನದಲ್ಲಿ ಅವರ ಹೆಸರೂ ಸೇರಿತು.

ಸ್ವಂತದವರನ್ನು ನಾವೇ ಕೇಳಿ ಫಾರಂ ತುಂಬಿಸುವಂತಿಲ್ಲ ಎಂಬ ನಿಯಮ ಬೇರೆ ಇತ್ತು. ಎಂದಿನಂತೆ ಸೊರಬಕ್ಕೂ ಏಜೆಂಟರೇ ಹೋದರು. ಸುತ್ತಲಿನ ಹಳ್ಳಿಗಳನ್ನೆಲ್ಲ ಮುಗಿಸಿಕೊಂಡು ಅವರು ಫಾರಂಗಳ ಕಟ್ಟು ತಂದು ನನ್ನ ಮೇಜಿನ ಮೇಲಿಡುವಾಗ ಹತ್ತು ಹನ್ನೆರಡು ದಿನ ಕಳೆದಿತ್ತು. ಅತ್ತಿಗೆಯ ಫಾರಂ ಮೊದಲು ತೆಗೆದೆ. ಹಸಿವು ಕಡಿಮೆಯೇ, ಸ್ವಲ್ಪ. ನಿದ್ದೆಗೆ ತೊಂದರೆಯೇ, ಸ್ವಲ್ಪ. ಸುಸ್ತು, ಸ್ವಲ್ಪ. ನೋವಿನ ಪ್ರಶ್ನೆಗಳ ಮುಂದೆ ಮಾತ್ರ ಏನೂ ಇರಲಿಲ್ಲ. ಪಕ್ಕದಲ್ಲಿ ಏಜೆಂಟರು ಪೆನ್ಸಿಲಿನಲ್ಲಿ "ಉತ್ತರ ಕೊಡಲಿಲ್ಲ" ಎಂದು ಬರೆದಿದ್ದರು.

"ಇದೇನ್ರೀ ಇದು?" ಎಂದೆ.

"ನಾ ಏನ್ ಮಾಡ್ಲಿ ಹೇಳ್ರಿ ಅಕ್ಕೋರೆ," ಎಂದು ಅವರು ಕುರ್ಚಿ ಎಳೆದುಕೊಂಡರು. "ನಿಮ್ಮಣ್ಣೋರು, ನಾನೂ ಇರ್ಬೇಕು, ಅಂಗಡಿ ಬಾಗ್ಲು ಹಾಕ್ಕೊಂಡ್ ಬರ್ತೀನಿ ಅಂದ್ರು. ಅವ್ರು ಬರೋದ್ರೊಳಗೆ ದೀಪ ಹಚ್ಚೋ ಹೊತ್ತಾತು. ಊಟ, ನಿದ್ದೆ ಎಲ್ಲಾ ಹೇಳಿದ್ರು. ನೋವೈತೇನ್ರೀ ಅಂದ ಕೂಡ್ಲೇ ಅಮ್ಮೋರು ಕೈ ಅಡ್ಡ ಹಿಡಿದ್ರು. ಈ ಹೊತ್ತಲ್ಲಿ ಅದನ್ನೆಲ್ಲ ಕೇಳ್ಬ್ಯಾಡಿ, ಅಸ್ತು ಅಂದ್ಬಿಟ್ಟಾವು ಅಂದ್ರು. ನಿಮ್ಮಣ್ಣೋರು ಆರಾಮ ಇದಾಳೆ ಬರ್ಕಳಿ ಅಂತಾರೆ. ರೋಗಿ ಬಾಯಿಂದ ಬರ್ದೆ ನಾ ಹೆಂಗ್ ಬರೀಲಿ?"

ನಗು ಬರಲಿಲ್ಲ ನನಗೆ. ನಮ್ಮ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಸ್ಸಂಜೆಯಲ್ಲಿ ಅಸ್ತು ದೇವತೆಗಳು ಮನೆಯ ಮೇಲೆ ಓಡಾಡುತ್ತಿರುತ್ತವೆ, ಆ ಹೊತ್ತಿನಲ್ಲಿ ಕೆಟ್ಟದ್ದು ಆಡಿದರೆ ಹಾಗೇ ಆಗಲಿ ಎಂದು ಹರಸಿಬಿಡುತ್ತವೆ. ಬಾಯಿತಪ್ಪಿ ಏನಾದರೂ ಬಂದರೆ ತಕ್ಷಣ "ಬಿಡ್ತು ಅನ್ನು" ಎಂದು ಹಿರಿಯರು ಗದರುತ್ತಾರೆ. ಚಿಕ್ಕಂದಿನಲ್ಲಿ ಹೊಟ್ಟೆನೋವು ಎಂದು ನಾನು ಆ ಹೊತ್ತಿಗೆ ಅತ್ತರೂ ಅತ್ತಿಗೆ ಮೊದಲು ಬಿಡ್ತು ಅನ್ನಿಸಿ ಆಮೇಲೆ ಓಮದ ನೀರು ಕುಡಿಸುತ್ತಿದ್ದರು.

ಹಳೆಯ ಫಾರಂಗಳನ್ನೆಲ್ಲ ತೆಗೆದು ಹರವಿಕೊಂಡೆ. ಪ್ರತಿಯೊಂದರ ತಲೆಯ ಮೇಲೂ ಕೇಳಿದ ಹೊತ್ತು ಬರೆದಿರುತ್ತದೆ. ಹೆಚ್ಚಿನವು ಸಂಜೆಯವೇ. ಹೊಲಗದ್ದೆಗೆ ಹೋದವರು, ಅಂಗಡಿಯವರು ಮನೆಗೆ ಬರುವುದು ಆಗಲೇ. ಯಜಮಾನರಿಲ್ಲದೆ ಯಾರೂ ಬಾಯಿ ಬಿಡುವುದಿಲ್ಲವೆಂದು ನಾವೇ ಆ ಹೊತ್ತನ್ನು ಆರಿಸಿಕೊಂಡಿದ್ದೆವು. ಆ ಫಾರಂಗಳಲ್ಲೆಲ್ಲ ನೋವಿನ ಮುಂದೆ, ಚಿಂತೆಯ ಮುಂದೆ ಖಾಲಿ. ಬೆಳಗಿನ ಕೆಲವೇ ಫಾರಂಗಳಲ್ಲಿ ಮಾತ್ರ ಜನ ಬಾಯಿ ತುಂಬ ಹೇಳಿದ್ದರು. ಅದನ್ನು ನೋಡಿದಾಗ ನನಗೆ ಸಿಟ್ಟು ಬಂದದ್ದು ದೇವತೆಗಳ ಮೇಲಲ್ಲ. ಅತ್ತಿಗೆಯ ಹೆಸರಿನ ಮುಂದೆ ಕಂಪ್ಯೂಟರ್ ಆಗಲೇ ಕೂರಿಸಿಟ್ಟಿದ್ದ ಅಂಕಿಯ ಮೇಲೆ. ಊಟ ನಿದ್ದೆಯ "ಸ್ವಲ್ಪ"ಗಳನ್ನೆಲ್ಲ ಕೂಡಿ ಭಾಗಿಸಿ ಅದು ನೋವಿಗೂ "ಸ್ವಲ್ಪ" ಎಂದು ಬರೆದಿತ್ತು. ಚೀಟಿಯೂ ಹಾಗೇ ಅಚ್ಚಾಯಿತು. ಗೆರೆ ದಾಟಲಿಲ್ಲ.

ತಿಂಗಳಿಗೊಮ್ಮೆ ನಮ್ಮ ಅಂಕಿಗಳನ್ನು ನೋಡಲು ಒಬ್ಬ ಮೇಡಂ ಬರುತ್ತಿದ್ದರು. ಲೆಕ್ಕದ ಮೇಡಂ ಎಂದೇ ನಮ್ಮಲ್ಲಿ ಅವರ ಹೆಸರು. ನನಗಿಂತ ಚಿಕ್ಕವರು, ಪಾಪದವರು, ಬಸ್ಸಿನಲ್ಲಿ ಬಂದ ತಲೆನೋವಿನಲ್ಲೇ ಕೂತು ಕೆಲಸ ಮಾಡುವವರು. ಆ ಸಲ ಅವರು ಬ್ಯಾಗು ಇಳಿಸುವ ಮೊದಲೇ ನಾನು ಶುರು ಮಾಡಿದೆ.

"ಅವರು ಹೇಳದೇ ಇದ್ದದ್ದನ್ನ ನೀವು ಹೇಗೆ ಬರೀತೀರಿ ಮೇಡಂ? ಖಾಲಿ ಬಿಟ್ಟಿದ್ದಾರೆ, ಖಾಲಿ ಇರಲಿ. ಅವರ ಬಾಯಲ್ಲಿ 'ಸ್ವಲ್ಪ' ಅಂತ ತುರುಕೋದು ಯಾಕೆ?"

ಅವರು ನೀರು ಕುಡಿದು ಶಾಂತವಾಗಿಯೇ ಹೇಳಿದರು. "ಖಾಲಿ ಇರೋದನ್ನೆಲ್ಲ ಬದಿಗಿಟ್ಟರೆ ಅರ್ಧ ಜನರನ್ನೇ ಬದಿಗಿಟ್ಟ ಹಾಗಾಗುತ್ತೆ. ಉಳಿಯೋರು ಗಟ್ಟಿಮುಟ್ಟಾಗಿರೋರು, ಎಲ್ಲ ಪ್ರಶ್ನೆಗೂ ಉತ್ತರ ಕೊಡೋ ತ್ರಾಣ ಇರೋರು. ಅದು ಇದಕ್ಕಿಂತ ದೊಡ್ಡ ಸುಳ್ಳು. ಇಲಿ ತಿಂದೋ, ಹಾಳೆ ತಿರುವೋವಾಗ ತಪ್ಪಿಯೋ ಖಾಲಿ ಉಳಿದಿದ್ದರೆ ಸರಾಸರಿ ಹಾಕಿದರೂ ನಡೆಯುತ್ತೆ."

"ಇದು ಇಲಿ ತಿಂದದ್ದಲ್ಲ," ಎಂದೆ. ಹರವಿಟ್ಟಿದ್ದ ಫಾರಂಗಳನ್ನು ತೋರಿಸಿದೆ, ಹೊತ್ತನ್ನು ತೋರಿಸಿದೆ, ಅಸ್ತು ದೇವತೆಗಳ ವಿಷಯ ಹೇಳಿದೆ. ಅವರ ಅಜ್ಜಿಯೂ ಹಾಗೇ ಅನ್ನುತ್ತಿದ್ದರಂತೆ. ಹಾಳೆಗಳನ್ನು ಒಂದೊಂದಾಗಿ ತಿರುವಿ ಹೊತ್ತನ್ನೂ ಖಾಲಿ ಜಾಗವನ್ನೂ ತಾಳೆ ನೋಡಿದರು.

"ಎಲ್ಲಕ್ಕಿಂತ ಕಷ್ಟದ್ದು ಇದೇ," ಎಂದರು ಕೊನೆಗೆ. "ನೋವು ಹೆಚ್ಚಿದ್ದಷ್ಟೂ ಅದನ್ನು ಹೇಳೋಕೆ ಹೆದರಿಕೆ ಹೆಚ್ಚು. ಹೆದರಿ ಖಾಲಿ ಬಿಟ್ಟದ್ದನ್ನ ಯಾವ ಲೆಕ್ಕವೂ ತುಂಬಲ್ಲ. ಹೋಗಿ ಮತ್ತೆ ಕೇಳಬೇಕು ಅಷ್ಟೆ."

"ನಾಳೆಯೇ ಕಳಿಸ್ತೀನಿ."

"ಕಳೆದ ಒಂದು ವಾರದಲ್ಲಿ ಅಂತ ತಾನೇ ಪ್ರಶ್ನೆ? ಆ ವಾರ ದಾಟಿಹೋಯಿತಲ್ಲ. ಈಗ ಕೇಳಿದರೆ ಅದು ಬೇರೆ ವಾರದ ಉತ್ತರ. ಅದನ್ನ ಇದರೊಳಗೆ ಬರೆಯೋ ಹಾಗಿಲ್ಲ. ಮುಂದಿನ ಸುತ್ತಿನಿಂದ ಬೆಳಿಗ್ಗೆ ಹೊತ್ತು, ಒಬ್ಬೊಬ್ಬರನ್ನೇ ಕೇಳೋ ಹಾಗೆ ಮಾಡ್ತೀನಿ. ಮೇಲೆ ಬರೆದು ಒಪ್ಪಿಸ್ತೀನಿ."

ಮುಂದಿನ ಸುತ್ತು ಎಂದರೆ ಮೂರು ತಿಂಗಳು. ಮೇಡಂ ಮೇಲೆ ಕೂಗಾಡಿದೆ. ಅವರು ಕೂಗಾಡಲಿಲ್ಲ, ಕಣ್ಣು ತಗ್ಗಿಸಿದರು. ಅವರ ಕೈಯಲ್ಲಿ ಇದ್ದದ್ದು ಅಷ್ಟೇ ಎಂದು ಆಗಲೂ ನನಗೆ ಗೊತ್ತಿತ್ತು.

ಮರುದಿನ ರಜೆ ಹಾಕಿ, ಅಣ್ಣ ಅಂಗಡಿಗೆ ಹೋದ ಮೇಲೆ ತಲುಪುವ ಹಾಗೆ ಸೊರಬದ ಬಸ್ಸು ಹತ್ತಿದೆ. ಆಫೀಸಿನವಳಾಗಿ ಅಲ್ಲ, ನಾದಿನಿಯಾಗಿ. ಅತ್ತಿಗೆ ಹಿತ್ತಿಲ ಬಾಗಿಲ ಮೆಟ್ಟಿಲಲ್ಲಿ ಗೋಣಿಚೀಲ ಮಡಚಿ ಬೆನ್ನಿಗಿಟ್ಟುಕೊಂಡು ಬಿಸಿಲಿಗೆ ಕೂತಿದ್ದರು. ಮುಖ ಇಳಿದಿತ್ತು. ವಿಭೂತಿ ಮಾತ್ರ ಎಂದಿನಂತೆ ಅಚ್ಚುಕಟ್ಟಾಗಿತ್ತು. ನನ್ನನ್ನು ಕಂಡು ಏಳಲು ಹೋದರು, ಆಗಲಿಲ್ಲ. ಬಾಗಿಲ ಚೌಕಟ್ಟು ಹಿಡಿದ ಬೆರಳುಗಳು ಬೆಳ್ಳಗಾದವು.

"ನೋವು ಎಷ್ಟಿದೆ ಅತ್ತಿಗೆ?" ಎಂದೆ. ಪೀಠಿಕೆಯೆಲ್ಲ ನನಗೆ ಬರುವುದಿಲ್ಲ.

ಅವರು ಬಿಸಿಲನ್ನೊಮ್ಮೆ ನೋಡಿದರು. "ಹಗಲಾಗಿದ್ದಕ್ಕೆ ಹೇಳ್ತೀನಿ ಮಾರಾಯ್ತಿ. ಮಲಗಕ್ಕಾಗಲ್ಲ. ಎಡಕ್ಕೆ ತಿರುಗಿದ್ರೆ ಜೀವ ಬಾಯಿಗ್ ಬರ್ತದೆ. ಕೂತೇ ಇರ್ತೀನಿ, ಕೂತಲ್ಲೇ ಒಂಚೂರು ನಿದ್ದೆ. ನಿಮ್ಮಣ್ಣ ಎದ್ದು ನೋಡಿದ್ರೆ, ಏನ್ ಸೆಖೆ ಅಂತೀನಿ."

"ಮತ್ತೆ ಫಾರಮ್ಮಲ್ಲಿ ಹೇಳಬಾರದಿತ್ತಾ?"

"ದೀಪ ಹಚ್ಚಿದ್ ಹೊತ್ತಲ್ಲಿ ಹೆಂಗ್ ಹೇಳದು? ಇಲ್ಲ ಅನ್ನಾಣ ಅಂದ್ರೆ ಸುಳ್ಳಾಗ್ತದೆ. ಕೊರಳಲ್ಲಿ ಲಿಂಗ ಕಟ್ಕಂಡು ಸುಳ್ಳು ಹೇಳ್ಲಾ? ಅದ್ಕೇ ಸುಮ್ನಿದ್ದೆ."

ಅಣ್ಣನಿಗೆ ನಾನೇ ಹೇಳುತ್ತೇನೆ ಎಂದದ್ದೇ ತಡ, ಅವರು ನನ್ನ ಕೈ ಎಳೆದು ತಮ್ಮ ತಲೆಯ ಮೇಲೆ ಇಟ್ಟುಕೊಂಡರು. "ನನ್ನಾಣೆ ಐತೆ, ಹೇಳ್ಬ್ಯಾಡ. ಹೋದ್ ಸಲ ನೋಡಿದ್ಯಲ್ಲ ಅವರ ಗತೀನ. ಮತ್ತೆ ಅಂಗಡಿ ಮುಚ್ಕಂಡು ಕೂತ್ರೆ ಈ ಸಲ ಅವರೇ ಮುಂಚೆ ಹೋಗ್ತಾರೆ. ಬೆಳಿಗ್ಗೆ ಎದ್ದು ಬಾಗ್ಲು ತೆಗೆಯಕ್ಕೆ ಹೋಗ್ತಾರಲ್ಲ, ಅದನ್ನ ನೋಡ್ತಿದ್ರೆ ನಂಗೆ ಅರ್ಧ ಆರಾಮ."

"ಆರಾಮ ಅನ್ನಬೇಡಿ ನನ್ನ ಮುಂದೆ!" ಎಂದು ಕಿರುಚಿದೆ. ಅವರು ನಕ್ಕರು. ನಗುವಾಗಲೂ ಬೆನ್ನು ಅಲುಗದಂತೆ ನೋಡಿಕೊಂಡರು. ನನಗೆ ಅಳು ಬಂತು, ಅಲ್ಲೇ ಕೂತು ಅತ್ತುಬಿಟ್ಟೆ.

ಮಧ್ಯಾಹ್ನ ಊಟಕ್ಕೆ ಬಂದ ಅಣ್ಣ ನನ್ನನ್ನು ಕಂಡು ಹಿಗ್ಗಿದ. ಕಪಾಟಿನಿಂದ ನಮ್ಮ ಆಫೀಸಿನ ಚೀಟಿ ತೆಗೆದು ತೋರಿಸಿದ. ಪ್ಲಾಸ್ಟಿಕ್ ಹಾಳೆಯೊಳಗೆ ಹಾಕಿ ಜೋಪಾನ ಮಾಡಿದ್ದ. "ನೋಡೇ, ನೋವು ಸ್ವಲ್ಪ ಅಂತ ಬಂದದೆ. ಡಾಕ್ಟ್ರಿಗೂ ತೋರ್ಸಿದೆ. ಪರವಾಗಿಲ್ಲ, ಇದೇ ಮಾತ್ರೆ ಮುಂದುವರ್ಸಿ ಅಂದ್ರು." ಅತ್ತಿಗೆ ಅವನಿಗೆ ಮಜ್ಜಿಗೆ ಬಡಿಸುತ್ತಾ ನನ್ನನ್ನೇ ದಿಟ್ಟಿಸುತ್ತಿದ್ದರು. ನಾನು ತಲೆ ಬಗ್ಗಿಸಿ ಅನ್ನ ಕಲೆಸಿದೆ.

ನರ್ಸಮ್ಮನಿಗೆ ಫೋನ್ ಮಾಡಿ ಕೇಳಿಕೊಂಡೆ. ಜೊತೆಗಿದ್ದು ನೋಡಿಕೊಳ್ಳುವ ಮನೆಯವರು ಸಹಿ ಹಾಕಿ ಕೇಳಬೇಕು, ಇಲ್ಲವೇ ಅಂಕ ಗೆರೆ ದಾಟಿರಬೇಕು, ಆ ಔಷಧಿಗೆ ಕಟ್ಟುನಿಟ್ಟು ಬಹಳ ಎಂದರು. ಆ ಮನೆಯಲ್ಲಿ ಜೊತೆಗಿದ್ದವನು ಅಣ್ಣನೊಬ್ಬನೇ, ಅವನಿಗೆ ಹೇಳುವಂತಿರಲಿಲ್ಲ. ಆ ಮೂರು ತಿಂಗಳು ನಾನು ಸೊರಬಕ್ಕೆ ಹೋದಾಗಲೆಲ್ಲ ಮೆಡಿಕಲ್ ಶಾಪಿನಲ್ಲಿ ಸಿಗುವ ಮಾತ್ರೆ, ಮುಲಾಮು, ಬಿಸಿನೀರಿನ ಚೀಲ ಹೊತ್ತೊಯ್ದೆ. ಅತ್ತಿಗೆ ಪ್ರತಿಯೊಂದನ್ನೂ ಹೊಗಳಿದರು. ಯಾವುದೂ ನೋವನ್ನು ಮುಟ್ಟುತ್ತಿರಲಿಲ್ಲ ಎಂದು ಅವರು ಕೂರುವ ರೀತಿಯಲ್ಲೇ ತಿಳಿಯುತ್ತಿತ್ತು. ಆಫೀಸಿನಲ್ಲಿ ಕೂತು ಬೇರೆಯವರ "ಸ್ವಲ್ಪ"ಗಳನ್ನು ಒತ್ತುವಾಗ ನನಗೆ ಯಾವುದನ್ನೂ ನಂಬಲಾಗುತ್ತಿರಲಿಲ್ಲ.

ಲೆಕ್ಕದ ಮೇಡಂ ಮಾತು ಉಳಿಸಿಕೊಂಡರು. ಹೊಸ ಸುತ್ತಿನಲ್ಲಿ ಏಜೆಂಟರು ಬೆಳಿಗ್ಗೆ ಹೋದರು, ಅಣ್ಣ ಅಂಗಡಿಯಲ್ಲಿದ್ದ ಹೊತ್ತು ನೋಡಿಕೊಂಡು. ಅಂದು ಸಂಜೆಯೇ ಆ ಒಂದು ಫಾರಂ ಹಿಡಿದುಕೊಂಡು ನೇರ ಆಫೀಸಿಗೆ ಬಂದರು. ಚಹಾ ಬೇಡ ಎಂದರು. ಅವರು ಚಹಾ ಬೇಡ ಎಂದದ್ದು ನಾನು ಕಂಡದ್ದು ಅದೊಂದೇ ಸಲ.

"ಎಲ್ಲಾದಕ್ಕೂ ಹೇಳಿದ್ರು ಅಕ್ಕೋರೆ. ಇನ್ ತಡ್ಕಳಕ್ಕಾಗಲ್ಲ, ಚೀಟಿ ನೋಡಿ ಅವ್ರಿಗೆ ಗೊತ್ತಾದ್ರೂ ಆಗ್ಲಿ ಅಂದ್ರು. ನೋವಿಗೆ ತುಂಬಾ ಅಂತ ಗುರ್ತು ಹಾಕಿದೆ. ಅಮ್ಮೋರು ಫಾರಂ ಇಸ್ಕೊಂಡು ನೋಡಿದ್ರು. ಇದಕ್ಕಿಂತ ಮೇಲಿಂದು ಇಲ್ವಾ ಅಂತ ಕೇಳಿದ್ರು."

ನಾಲ್ಕೇ ಉತ್ತರ ಇರುವುದು. ನಾನು ಅದನ್ನೇ ಒತ್ತಿದೆ. ಗೆರೆ ದಾಟಿತು.

ಎರಡು ದಿನದಲ್ಲಿ ನರ್ಸಮ್ಮ ಬಂದರು, ಔಷಧಿ ಶುರುವಾಯಿತು. ಅಣ್ಣ ಹೊಸ ಚೀಟಿ ನೋಡಿ ಕಂಗಾಲಾಗಿ ನನಗೆ ಫೋನ್ ಮಾಡಿದ. "ಒಂದೇ ಸಲಕ್ಕೆ ಹಿಂಗಾಗಿದೆಯಲ್ಲೇ! ಮೊನ್ನೆ ಮೊನ್ನೆ ತನಕ ಸ್ವಲ್ಪ ಇತ್ತು." ಅತ್ತಿಗೆ ಪಕ್ಕದಿಂದ ಫೋನ್ ಕಸಿದುಕೊಂಡು, "ಇವರಿಗೆ ಅಂಗಡಿಗೆ ಹೋಗ್ಲಿಕ್ಕೆ ನೀನೇ ಹೇಳು" ಎಂದರು. ಅಣ್ಣ ಅಂಗಡಿಗೆ ಹೋದ. ಈ ಸಲ ಅವನು ಮುರಿದು ಬೀಳಲಿಲ್ಲ. ಅತ್ತಿಗೆ ಮಲಗಿದರು, ಎಡಕ್ಕೂ ಮಲಗಿದರು. ಮಂಡಕ್ಕಿ ಬೇಕೆಂದು ತರಿಸಿಕೊಂಡು ತಿಂದರು. ನಾನು ಹೋದಾಗ ಜಡೆ ಎಳೆಯಲು ಕೈ ಎತ್ತಿದರು, ಕೈ ಅಷ್ಟು ದೂರ ಬರಲಿಲ್ಲ, ನಾನೇ ತಲೆ ತಗ್ಗಿಸಿದೆ.

ಅದು ಕೆಲವು ವಾರಗಳ ಮಾತು. ರಸ್ತೆಯ ಮೇಲೆ ಮೆಕ್ಕೆಜೋಳ ಒಣಹಾಕುವ ಹೊತ್ತಿಗೆ ಅತ್ತಿಗೆ ಹೋದರು. ಕೂರಿಸಿ, ಹೂವು ವಿಭೂತಿ ಮಾಡಿ, ನಮ್ಮ ಪದ್ಧತಿಯಂತೆ ಮಣ್ಣಿಗಿಟ್ಟೆವು. ಕೂರಿಸುವಾಗ ಬೆನ್ನಿಗೆ ಕೈ ಕೊಟ್ಟವರಲ್ಲಿ ನಾನೂ ಒಬ್ಬಳು. ಅಭ್ಯಾಸಬಲದಿಂದ ಮೆಲ್ಲಗೆ, ಮೆಲ್ಲಗೆ ಎಂದು ಎಲ್ಲರಿಗೂ ಹೇಳುತ್ತಿದ್ದೆನಂತೆ. ನನಗೆ ನೆನಪಿಲ್ಲ.

ಆಮೇಲಿನ ಸುತ್ತಿನ ಅಂಕಿಗಳನ್ನೂ ನಾನೇ ತುಂಬಿದೆ. ಉತ್ತರ ಯಾಕಿಲ್ಲ ಎಂಬುದಕ್ಕೆ ಕಂಪ್ಯೂಟರಿನಲ್ಲಿ ಒಂದು ಪಟ್ಟಿಯಿದೆ: ಮನೆಯಲ್ಲಿ ಇರಲಿಲ್ಲ, ಒಪ್ಪಲಿಲ್ಲ, ಮಾತಾಡುವ ಸ್ಥಿತಿಯಲ್ಲಿ ಇರಲಿಲ್ಲ, ತೀರಿಕೊಂಡರು. ಅತ್ತಿಗೆಯ ಸಾಲಿನಲ್ಲಿ ಕೊನೆಯದನ್ನು ಆರಿಸಿದೆ. ಆ ಸಲ ಇನ್ನೂ ಕೆಲವರದ್ದು ಅದೇ. ತೀರಾ ಸುಸ್ತಾದವರು ಬೇಡ ಎಂದು ಬಾಗಿಲು ಹಾಕಿಕೊಂಡಿದ್ದರು. ಉತ್ತರ ಕೊಟ್ಟವರು ಸ್ವಲ್ಪ ಚೇತರಿಸಿಕೊಂಡವರು. ಎಲ್ಲವನ್ನೂ ಕೂಡಿದಾಗ ನಮ್ಮ ಎರಡು ತಾಲ್ಲೂಕಿನ ಜನರ ಬದುಕು ಹಿಂದಿನ ಸಲಕ್ಕಿಂತ ಎಷ್ಟೋ ಸುಧಾರಿಸಿತ್ತು. ಮೇಲಿನವರೊಬ್ಬರು ಸಂತೋಷವಾಯಿತು ಎಂದು ಮೇಲ್ ಕಳಿಸಿದರು. ಲೆಕ್ಕದ ಮೇಡಂ ಅದಕ್ಕೆ ಉತ್ತರವಾಗಿ, ಹೋದವರನ್ನು ಬಿಟ್ಟು ಎಣಿಸಿದರೆ ಹೀಗೇ ಕಾಣುತ್ತದೆ, ಇದನ್ನು ಸುಧಾರಣೆ ಎನ್ನಬೇಡಿ ಎಂದು ಉದ್ದಕ್ಕೆ ಬರೆದರು. ನಾನು ಎರಡನ್ನೂ ಓದಿ ಕಂಪ್ಯೂಟರ್ ಆರಿಸಿ ಮನೆಗೆ ಹೋದೆ.

ಅದಾಗಿ ಕೆಲವು ದಿನಕ್ಕೆ ಅಣ್ಣ ಶಿಕಾರಿಪುರಕ್ಕೆ ಬಂದ. ನಮ್ಮ ಆಫೀಸಿನ ಮೆಟ್ಟಿಲನ್ನು ಅವನು ಎಂದೂ ಹತ್ತಿದವನಲ್ಲ. ಬೇರಿಂಗ್ ತರಬೇಕಿತ್ತು, ಹಾಗೇ ಬಂದೆ ಎಂದ. ಏಜೆಂಟರು ಅವನ ಮುಖ ನೋಡಿ ಚಹಾ ತರುತ್ತೇನೆಂದು ಕೆಳಗೆ ಹೋದರು. ಅಣ್ಣ ಜೇಬಿನಿಂದ ಎರಡೂ ಚೀಟಿಗಳನ್ನು ತೆಗೆದು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟ. ಗಡ್ಡ ಬೆಳೆದಿತ್ತು. ಅಂಗಿಯ ಗುಂಡಿ ಒಂದು ಮೇಲೆ ಒಂದು ಕೆಳಗೆ ಆಗಿತ್ತು.

"ಒಂದ್ ಮಾತು ಕೇಳ್ಬೇಕಿತ್ತು," ಎಂದ. "ಅಂಗಡೀಲಿ ಕೂತಾಗೆಲ್ಲ ಅದೇ ತಲೇಲಿ ತಿರುಗ್ತದೆ. ಎದುರುಮನೆಯಮ್ಮ ಮೊನ್ನೆ ಅಂದ್ಲು, ಪಾಪ, ತಿಂಗಳಾನುಗಟ್ಲೆ ಕೂತೇ ಕಳೆದ್ಲು ಅಂತ. ನಾನು ದಿನಾ ಸಂಜೆ ಅವಳ ಪಕ್ಕದಲ್ಲೇ ಕೂರ್ತಿದ್ದೆ. ಅಷ್ಟು ನೋವಿದ್ದಿದ್ರೆ ನಂಗೆ ಗೊತ್ತಾಗ್ತಿರ್ಲಿಲ್ವಾ?"

ಅವನು ಮೊದಲ ಚೀಟಿಯ ಮೇಲೆ ಬೆರಳಿಟ್ಟ.

"ಇದು ಬಂದಾಗ ನಿಜವಾಗ್ಲೂ ಹಿಂಗೇ ಹೇಳಿದ್ಲಾ? ನೀನೇ ತಾನೇ ಇದನ್ನೆಲ್ಲ ನೋಡೋಳು. ನಿಂಗೆ ಗೊತ್ತಿರ್ತದೆ. ಆವಾಗ ಸ್ವಲ್ಪಾನೇ ಇತ್ತಲ್ವಾ?"

ಅತ್ತಿಗೆಯ ಆ ಫಾರಂ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿತ್ತು. ಕೈ ಚಾಚಿದರೆ ಸಿಗುತ್ತಿತ್ತು. ಏಜೆಂಟರ ಪೆನ್ಸಿಲಿನ ಅಕ್ಷರ, ಅದರ ಪಕ್ಕದ ಖಾಲಿ ಚೌಕಗಳು. ಅಣ್ಣ ಕಣ್ಣು ಮಿಟುಕಿಸದೆ ನನ್ನ ಬಾಯನ್ನೇ ನೋಡುತ್ತಿದ್ದ.

"ಹೌದಣ್ಣ," ಎಂದೆ. "ಆವಾಗ ಸ್ವಲ್ಪಾನೇ ಇತ್ತು."

ಅವನು ಉಸಿರು ಬಿಟ್ಟ. ಚೀಟಿಗಳನ್ನು ಮಡಚಿ ಜೇಬಿಗೆ ಹಾಕಿಕೊಂಡು, ಸೊರಬದ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದ.